ರುದ್ರಮ್ಮನ ಪಾಲಿನ ಮಾತ್ರೆ

ರುದ್ರಮ್ಮನ ಮೊಣಕಾಲು ಬಗ್ಗುತ್ತಿರಲಿಲ್ಲ. ಪದ್ಧತಿಯಂತೆ ಕೂರಿಸಿಯೇ ಮಣ್ಣು ಮಾಡಬೇಕು. ಆದರೆ ನಸುಕಿನಲ್ಲಿ ಹಿತ್ತಲಿಗೆ ಹೋಗಿ ಬಿದ್ದವಳು ಮನೆಯವರ ಕಣ್ಣಿಗೆ ಬೀಳುವಷ್ಟರಲ್ಲಿ ಸೆಟೆದುಕೊಂಡಿದ್ದಳು. ನೆರೆಮನೆಯ ಹೆಂಗಸರು ಬಿಸಿನೀರಿನ ಬಟ್ಟೆ ಒತ್ತಿ ಒತ್ತಿ ಕಾಲು ಮಡಿಸುತ್ತಿದ್ದರು.

"ಮೆಲ್ಲಗೆ ಕಣ್ರೇ, ಮುರಿದುಬಿಟ್ಟೀರ," ಎಂದಳು ಮಗಳು ಅಮೃತಾ.

"ಬೇಗ ಮುಗಿಸಿ. ಅಯ್ನೋರಿಗೆ ಶನಿವಾರಸಂತೇಲಿ ಇನ್ನೊಂದು ಮಣ್ಣು ಐತಂತೆ," ಎಂದ ರುದ್ರಮ್ಮನ ಗಂಡ ಸಿದ್ದಣ್ಣ.

ಊರಿನ ಉಪಕೇಂದ್ರದ ಸಿಸ್ಟರ್ ವಿನುತಾ ಬಂದು ಬಾಗಿಲಲ್ಲೇ ಕುಸಿದು ಕೂತಳು. ಅವಳನ್ನು ತೋರಿಸುತ್ತ ಸಿದ್ದಣ್ಣ ಬಂದವರಿಗೆಲ್ಲ ಹೇಳಿದ: "ರಕ್ತದಲ್ಲಿ ಕೊಬ್ಬು ಐತೆ ಅಂತ ಪುಕ್ಸಟ್ಟೆ ಮಾತ್ರೆ ಕೊಡ್ತಿದ್ರು. ನುಂಗೋಕೂ ಸೋಮಾರಿತನ ಅವಳಿಗೆ. ಸಿಸ್ಟರ್‌ನೇ ಕೇಳಿ."

"ಎಷ್ಟು ಬೈದಿದ್ದೆ ನಾನು," ಎಂದು ವಿನುತಾ ಮುಖಕ್ಕೆ ಸೆರಗು ಒತ್ತಿಕೊಂಡಳು.

ಅಮೃತಾ ತಂದೆಯನ್ನೇ ನೋಡಿದಳು. ಸಿದ್ದಣ್ಣ ಶಾಮಿಯಾನದವನನ್ನು ಕೂಗುತ್ತ ಅಂಗಳಕ್ಕಿಳಿದ.

* * *

ಹೋದ ವರ್ಷ ಆರೋಗ್ಯ ಕೇಂದ್ರದಲ್ಲಿ ರಕ್ತ ನೋಡಿ ಮಾತ್ರೆ ಕೊಟ್ಟ ದಿನ ರುದ್ರಮ್ಮ ಖುಷಿಯಾಗಿಯೇ ಮನೆಗೆ ಬಂದಿದ್ದಳು. ಅವಳ ಹೆಸರು ಹಿಡಿದು ಕರೆದು ಅವಳಿಗೇ ಅಂತ ಯಾರಾದರೂ ಏನಾದರೂ ಕೊಟ್ಟಿದ್ದು ಅಪರೂಪ.

ಅದೇ ವಾರ, ಸಿದ್ದಣ್ಣನ ಜೊತೆ ಮೆಣಸಿನ ವ್ಯಾಪಾರ ಮಾಡುತ್ತಿದ್ದ ನಾಗಾರ್ಜುನ ಎಂಬುವನು ಹೋಟೆಲಿನ ಬೆಂಚಿನ ಮೇಲೆ ಎದೆ ಹಿಡಿದುಕೊಂಡು ಸತ್ತ. ಸಿದ್ದಣ್ಣನಿಗೆ ನಿದ್ದೆ ಹೋಯಿತು.

"ಆ ಮಾತ್ರೆ ಇಲ್ಲಿ ಕೊಡು."

"ನೀವೂ ಹೋಗಿ ತೋರಿಸ್ಕೊಳ್ಳಿ. ನಿಮ್ಗೂ ಕೊಡ್ತಾರೆ."

"ಲೈನ್‌ಮನೆಯ ಕೂಲಿಯವರ ಹಿಂದೆ ಕ್ಯೂ ನಿಂತ್ಕೊಳ್ಲಾ ನಾನು? ಹೆಂಗಸರಿಗೆ ಹಾರ್ಟು ಗೀರ್ಟು ಬರಲ್ಲ ಕಣೆ. ನಾನು ಹೋದ್ರೆ ಈ ಮನೆ ನೋಡೋರು ಯಾರು?"

ಅವಳು ಕೊಟ್ಟಳು. ಪ್ರತಿ ತಿಂಗಳೂ ಹೋಗಿ ತಂದಳು, ಪ್ರತಿ ರಾತ್ರಿ ಊಟವಾದ ಮೇಲೆ ನೀರಿನ ಲೋಟದ ಜೊತೆ ಅವನ ಅಂಗೈಗೆ ಹಾಕಿದಳು. ಅವಳ ಕೊಬ್ಬು ಇಳಿಯಲಿಲ್ಲ. ಕ್ಯೂನಲ್ಲಿದ್ದವರ ಎದುರಿಗೇ ವಿನುತಾ ಗದರಿದಳು: "ಸುಳ್ಳು ಹೇಳ್ಬೇಡಿ. ಮಾತ್ರೆ ನುಂಗ್ತೀರೋ, ಕೋಳಿಗೆ ಹಾಕ್ತೀರೋ?" ಎಲ್ಲರೂ ನಕ್ಕರು. ರುದ್ರಮ್ಮನೂ ನಕ್ಕಳು.

ಡಾಕ್ಟರು ಇನ್ನೂ ಜೋರಿನ ಮಾತ್ರೆ ಬರೆದರು. ಅದೂ ಸಿದ್ದಣ್ಣನ ಹೊಟ್ಟೆಗೇ ಹೋಯಿತು. ಆ ಮಾತ್ರೆಗೆ ಮೀನಖಂಡ ಹಿಡಿಯುತ್ತದೆ ಎಂದು ಅವನು ನರಳಿದಾಗ ಅವಳೇ ಕೊಬ್ಬರಿ ಎಣ್ಣೆ ಬಿಸಿಮಾಡಿ ತಿಕ್ಕಿದಳು.

ಹಬ್ಬಕ್ಕೆ ಬಂದಿದ್ದ ಅಮೃತಾ ಅಮ್ಮನ ಮಾತ್ರೆಯನ್ನು ಅಪ್ಪ ನುಂಗುವುದನ್ನು ಕಂಡು ಜಗಳಕ್ಕೆ ನಿಂತಳು. "ಸುಮ್ನಿರೇ, ಅವ್ರಿಗೆ ಭಯ," ಎಂದಳು ರುದ್ರಮ್ಮ.

"ನಿಂಗಿಲ್ವಾ?"

ಆ ರಾತ್ರಿ ರುದ್ರಮ್ಮ ಮಾತ್ರೆಯನ್ನು ಕೂಡಲೇ ಗಂಡನ ಕೈಗೆ ಹಾಕದೆ ಮುಷ್ಟಿಯಲ್ಲೇ ಹಿಡಿದುಕೊಂಡಳು. "ಇವತ್ತೊಂದಿನ ನಾನು ತಗೊಳ್ಲಾ? ದಿಬ್ಬ ಹತ್ತುವಾಗ ಎದೆ ಹಿಡಿದಂಗಾಗ್ತೈತೆ."

ಸಿದ್ದಣ್ಣ ಅವಳ ಬೆರಳು ಬಿಡಿಸಿ ಮಾತ್ರೆ ತೆಗೆದುಕೊಂಡ. "ಅದು ಗ್ಯಾಸು. ಓಮಿನಕಾಳು ಅಗಿ," ಎಂದು ನೀರು ಕುಡಿದ.

* * *

ಗುಂಡಿಯೊಳಗೆ ಉಪ್ಪು, ವಿಭೂತಿ, ಬಿಲ್ವಪತ್ರೆಯ ನಡುವೆ ರುದ್ರಮ್ಮ ಸ್ವಲ್ಪ ಓರೆಯಾಗಿ ಕೂತಳು. ಮೊದಲ ಹಿಡಿ ಮಣ್ಣು ಹಾಕುವಾಗ ಸಿದ್ದಣ್ಣ ನಿಜವಾಗಿಯೇ ಅತ್ತ. "ನನ್ನ ಯಾರ ಕೈಗೆ ಬಿಟ್ಟು ಹೋದ್ಯೇ!" ಎಂದು ಗುಂಡಿಯತ್ತ ಬಗ್ಗಿದವನನ್ನು ಹಿಡಿದೆಳೆಯಬೇಕಾಯಿತು.

ಮನೆಗೆ ಮರಳಿದ ಮೇಲೆ, ಹೊರಡಲು ನಿಂತ ವಿನುತಾಳನ್ನು ಅಮೃತಾ ಬಚ್ಚಲಿನ ಪಕ್ಕಕ್ಕೆ ಕರೆದಳು.

"ಸಿಸ್ಟರ್, ಅಮ್ಮ ಒಂದು ಮಾತ್ರೆನೂ ತಿಂದಿಲ್ಲ. ಎಲ್ಲಾ ಅಪ್ಪನೇ ತಿಂದಿದ್ದು."

"ನಂಗೆ ಹೇಳ್ಬಾರ್ದಿತ್ತಾ ಅವ್ರು?"

"ಗಂಡನ ಮರ್ಯಾದೆ ಹೋಗುತ್ತೆ ಅಂತಿದ್ಲು."

ಬಚ್ಚಲಿನ ಬಾಗಿಲು ತೆರೆದು ಸಿದ್ದಣ್ಣ ಹೊರಬಂದ. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರ ಮಾತು ಅವನಿಗೆ ಕೇಳಿಸಿತ್ತೋ ಇಲ್ಲವೋ. ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಸಿಸ್ಟರ್, ಅವಳ ಮಾತ್ರೆ ಇನ್ನು ನನ್ನ ಹೆಸರಿಗೆ ಮಾಡಿಕೊಡಕ್ಕಾಗುತ್ತಾ? ಮನೇಲಿದ್ದಿದ್ದು ನಿನ್ನೆಗೆ ಮುಗೀತು."

ವಿನುತಾ ಹೇಳಿದಳು: "ರಕ್ತ ನೋಡದೆ ಕೊಡೋಕಾಗಲ್ಲ."

"ಹಂಗಾದ್ರೆ ಈಗ್ಲೇ ತಗೊಳ್ಳಿ."

ವಿನುತಾಳ ಕೈಯಲ್ಲಿ ಚೀಲವಿರಲಿಲ್ಲ, ಸೂಜಿಯೂ ಇರಲಿಲ್ಲ. ಸಿದ್ದಣ್ಣ ಅದನ್ನು ನೋಡಲೇ ಇಲ್ಲ. ತೋಳು ಚಾಚಿ, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ, ಹಲ್ಲು ಕಚ್ಚಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಚುಚ್ಚುವುದನ್ನೇ ಕಾಯುತ್ತ ನಿಂತ. ಇಬ್ಬರು ಹೆಂಗಸರೂ ಕದಲಲಿಲ್ಲ. ಒದ್ದೆ ತೋಳಿನಿಂದ ನೀರು ಹನಿಯುತ್ತಿತ್ತು.