ಕುತ್ತಿಗೆಯಿಂದ ಹುಟ್ಟಿದ ಸ್ವೆಟರ್

ನಾನು ಒಂದು ಸ್ವೆಟರ್. ಯಾವ ಬಣ್ಣದ ಸ್ವೆಟರ್ ಎಂದು ಮಾತ್ರ ಕೇಳಬೇಡಿ. ಕೇಳಿದವರೆಲ್ಲ ನನ್ನ ಉತ್ತರ ಮುಗಿಯುವ ಮೊದಲೇ ಎದ್ದು ಹೋಗಿದ್ದಾರೆ. ಕುತ್ತಿಗೆಯ ಹತ್ತಿರ ಒಣಮೆಣಸಿನಕಾಯಿಯ ಕೆಂಪು, ಅದರ ಕೆಳಗೆ ಗಿಳಿಹಸಿರು, ಅದರ ಕೆಳಗೆ ಅರಿಸಿನ, ಆಮೇಲೆ ನೇರಳೆ, ಆಮೇಲೆ ಯಾರದೋ ಕೂಸಿನ ಕುಲಾವಿಯಲ್ಲಿ ಮಿಕ್ಕ ತಿಳಿಗುಲಾಬಿ. ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ಎಣಿಸುವವರಿಗೆ ಸಾಕುಸಾಕಾಗುತ್ತದೆ. ನನ್ನ ಎಡತೋಳು ಬಲತೋಳಿಗಿಂತ ಉದ್ದ. ಗುಂಡಿಗಳಲ್ಲಿ ಯಾವ ಎರಡಕ್ಕೂ ಹೋಲಿಕೆ ಇಲ್ಲ. ಇದನ್ನೆಲ್ಲ ನಾಚಿಕೊಂಡು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನಾನು ಇರುವುದೇ ಹೀಗೆ.

ನನ್ನನ್ನು ಹೆತ್ತವಳು ಸುವಾರ್ತಕ್ಕ. ಧಾರವಾಡದ ಒಂದು ಚರ್ಚಿನ ಕಂಪೌಂಡಿನಲ್ಲಿ ಹಂಚಿನ ಸಾಲುಮನೆಗಳಿದ್ದವು. ಅದರ ಕೊನೆಯ ಮನೆ ಅವಳದು. ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡಿ ನಿವೃತ್ತಳಾದವಳು. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಆದರೆ ಅವಳನ್ನು ನೋಡಿ ಯಾರೂ ಅಯ್ಯೋ ಅನ್ನುವ ಹಾಗಿರಲಿಲ್ಲ. ಹೆಣಿಗೆಯ ಕಡ್ಡಿಗಳು ಕೈಯಲ್ಲಿದ್ದರೆ ಅವಳಿಗೆ ಬೇರೇನೂ ಬೇಕಿರಲಿಲ್ಲ. ಚರ್ಚಿನ ಸ್ತ್ರೀ ಸಮಾಜದ ಹೆಂಗಸರು ಶನಿವಾರ ಸಂಜೆ ಒಂದೆಡೆ ಕೂತು ಹಾಸ್ಟೆಲ್ ಮಕ್ಕಳಿಗೆ ನೀಲಿ ಸ್ವೆಟರ್ ಹೆಣೆಯುತ್ತಿದ್ದರು. ಅಲ್ಲಿ ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸುವವಳೂ ಅವಳೇ, ಎಲ್ಲರ ನಂತರ ಏಳುವವಳೂ ಅವಳೇ.

ಹೀಗಿರುವಾಗ ಅವಳ ಕಣ್ಣು ಮಂಜಾಗತೊಡಗಿತು. ಇದು ಪೊರೆಯಲ್ಲ, ನರದ ತೊಂದರೆ, ಕನ್ನಡಕದಿಂದ ಸರಿಹೋಗುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದರು. ಕಡುನೀಲಿ ದಾರದಲ್ಲಿ ಕಡುನೀಲಿ ಕುಣಿಕೆಗಳು ಅವಳಿಗೆ ಕಾಣದಾದವು. ಒಂದೊಂದು ಕುಣಿಕೆ ಕಡ್ಡಿಯಿಂದ ಜಾರಿ ಬಿಟ್ಟುಹೋಗುತ್ತಿತ್ತು. ಸಮಾಜದ ಅಧ್ಯಕ್ಷೆ ಹೇಮಲತಾ ಬಾಯಾರು ಅದನ್ನು ಗಮನಿಸಿದರು. ಅವರು ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡಿ ಬಾಯಾರು ಅನ್ನಿಸಿಕೊಂಡವರು, ಮಾದರಿ ಪುಸ್ತಕ ತೆರೆದಿಟ್ಟುಕೊಳ್ಳದೆ ಒಂದು ಸಾಲನ್ನೂ ಹೆಣೆಯದವರು. ಕೆಟ್ಟವರಲ್ಲ. ಕಟ್ಟುನಿಟ್ಟು, ಅಷ್ಟೇ.

"ಅಕ್ಕಾ, ಈ ತೋಳಿನ್ಯಾಗ ಮತ್ತ ಕುಣಿಕಿ ಬಿಟ್ಟೀರಿ ನೋಡ್ರಿ. ಹುಡುಗ್ರು ಹಾಕ್ಕೊಂಡ ವಾರದಾಗ ಬಿಚ್ಚಿಕೋತ ಹೋಗತೈತಿ. ಇನ್ನ ಸಾಕ್ ಮಾಡ್ರಿ. ಸುಮ್ನ ಕುಂತು ನಮಗೆಲ್ಲಾ ಹಾಡ ಹೇಳ್ರಿ," ಅಂದರು. ಅವಳ ಮಡಿಲಲ್ಲಿದ್ದ ನೀಲಿ ಉಲನ್ ಉಂಡೆಯನ್ನು ಎತ್ತಿ ಬೇರೆಯವರ ಬುಟ್ಟಿಗೆ ಹಾಕಿದರು.

ಸುವಾರ್ತಕ್ಕ ಹಾಡಲಿಲ್ಲ. ಕಡ್ಡಿಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದಳು. ಆ ಸಂಜೆ ಅವಳು ಬಹಳ ಅತ್ತಳು. ಕಣ್ಣು ಹೋಗುತ್ತಿದೆ ಎಂದು ಡಾಕ್ಟರು ಹೇಳಿದಾಗ ಅಳದವಳು ಉಲನ್ ಉಂಡೆ ಹೋದದ್ದಕ್ಕೆ ಅತ್ತಳು. ಅತ್ತು ಮುಗಿದ ಮೇಲೆ ಟ್ರಂಕು ತೆರೆದು ಒಂದು ದಿಂಬಿನ ಚೀಲ ಹೊರತೆಗೆದಳು. ಅದರ ತುಂಬ ಇಷ್ಟು ವರ್ಷ ಯಾರ‍್ಯಾರಿಗೋ ಹೆಣೆದು ಮಿಕ್ಕ ದಾರದ ಸಣ್ಣಸಣ್ಣ ಉಂಡೆಗಳು. ನಿಂಬೆಹಣ್ಣಿನಷ್ಟು ಕೆಂಪು, ಅಡಿಕೆಯಷ್ಟು ಹಸಿರು. ಕೈಗೆ ಸಿಕ್ಕ ಕೆಂಪನ್ನು ಕಡ್ಡಿಗೇರಿಸಿ ಒಂದು ಸಾಲು ಹೆಣೆದಳು. ಅದು ಮುಗಿಯಿತು. ಹಸಿರು ಹಿಡಿದಳು. ಆಗ ಕೈ ನಿಲ್ಲಿಸಿದಳು. ಕೆಂಪು ಎಲ್ಲಿ ಮುಗಿದು ಹಸಿರು ಎಲ್ಲಿ ಸುರುವಾಯಿತು ಎನ್ನುವುದು ಅವಳಿಗೆ ಕಂಡಿತು. ಮಸುಕಾಗಿ ಕಂಡಿತು, ಆದರೂ ಕಂಡಿತು.

"ಕಾಣತೈತಿ," ಎಂದಳು, ಕೇಳಲು ಯಾರೂ ಇಲ್ಲದ ಮನೆಯಲ್ಲಿ.

ಹೀಗೆ ನಾನು ಹುಟ್ಟಿದೆ. ಎಲ್ಲ ಸ್ವೆಟರ್‌ಗಳೂ ಸೊಂಟದ ಅಂಚಿನಿಂದ ಸುರುವಾಗಿ ಕುತ್ತಿಗೆಯಲ್ಲಿ ಮುಗಿಯುತ್ತವೆ. ಪುಸ್ತಕದಲ್ಲಿ ಹಾಗಿದೆ. ಅದಕ್ಕೆ ಮೊದಲೇ ಲೆಕ್ಕ ಹಾಕಿ ನೂರಾರು ಕುಣಿಕೆ ಏರಿಸಬೇಕು, ಸುವಾರ್ತಕ್ಕನಿಗೆ ಅಷ್ಟು ಎಣಿಸಲು ಕಣ್ಣು ಸಾಲದು. ಅದಕ್ಕೇ ಅವಳು ಕುತ್ತಿಗೆಯಲ್ಲಿ ಸ್ವಲ್ಪವೇ ಕುಣಿಕೆಯಿಂದ ಹಿಡಿದು, ಬೆಳೆಸುತ್ತ ಬೆಳೆಸುತ್ತ ಕೆಳಗಿಳಿದಳು. ಟೇಪು ಇಲ್ಲ, ಚಿತ್ರ ಇಲ್ಲ. ಎದುರಿಗೆ ಬಂದವರ ಮೈಗೆ ಹಚ್ಚಿ ನೋಡುವುದು, ಸಾಲದಿದ್ದರೆ ಇನ್ನಷ್ಟು ಹೆಣೆಯುವುದು. ಹಾಸ್ಟೆಲಿನ ಅಡುಗೆಯವಳು ರೂತವ್ವ ಸಾರು ಕೊಡಲು ಬಂದಾಗ ಬಲತೋಳಿನ ಅಳತೆ ಆಯಿತು. ಎಡತೋಳಿನ ಸರದಿ ಬಂದಾಗ ಬಾಗಿಲಲ್ಲಿ ನಿಂತಿದ್ದವನು ನೀಳಗೈಯ ಅಂಚೆಯವ. ಅವನ ಕೈ ಹಿಡಿದು ಒಳಗೆ ಎಳೆದು ಅಳೆದಳು. ಆಮೇಲೆ ಎರಡೂ ತೋಳುಗಳನ್ನು ಜೊತೆಗಿಟ್ಟು ಸವರಿ ನೋಡಿ ಜೋರಾಗಿ ನಕ್ಕಳು. ಬಿಚ್ಚಲಿಲ್ಲ.

ನವೆಂಬರಿನಲ್ಲಿ ಬೆಳೆ ಹಬ್ಬ ಬಂತು. ಆ ಭಾನುವಾರ ಜನ ತಮ್ಮ ದುಡಿಮೆಯ ಮೊದಲ ಪಾಲನ್ನು ಚರ್ಚಿಗೆ ತಂದು ಒಪ್ಪಿಸುತ್ತಾರೆ. ಜೋಳದ ತೆನೆ, ಕುಂಬಳಕಾಯಿ, ಕೋಳಿ, ಕೇಕು, ಹೆಣೆದ ಬಟ್ಟೆ, ಯಾರಿಂದ ಏನಾಗುತ್ತದೋ ಅದು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲವನ್ನೂ ಹರಾಜು ಹಾಕುತ್ತಾರೆ. ಹಿಂದಿನ ದಿನ ಸುವಾರ್ತಕ್ಕ ನನ್ನನ್ನು ಸಮಾಜದ ಮೇಜಿನ ಮೇಲೆ ಇಟ್ಟಳು. ಬಿಳಿ, ನೀಲಿ, ಕಂದು ಸ್ವೆಟರ್‌ಗಳ ನಡುವೆ ನಾನು ಮಲಗಿದೆ. ಅವು ಹುಬ್ಬು ಗಂಟಿಕ್ಕಿದವು ಎಂದೇ ನನ್ನ ಗುಮಾನಿ.

"ಇದೇನ್ರಿ ಅಕ್ಕಾ?" ಹೇಮಲತಾ ಬಾಯಾರು ನನ್ನನ್ನು ಎರಡು ಬೆರಳಲ್ಲಿ ಎತ್ತಿದರು.

"ಸ್ವೆಟರ್ ರೀ, ಬಾಯಾರ."

"ದೇವರಿಗೆ ಕೊಡೂದು ಚಲೋದು ಇರಬೇಕಲ್ರೀ. ಇದನ್ನ ಬಿಚ್ಚಿ ಇಡೂಣು. ದಾರ ಆದ್ರೂ ಉಳೀತೈತಿ."

ನನಗೆ ಮೈಯೆಲ್ಲ ಉರಿಯಿತು. ಆದರೆ ಸುವಾರ್ತಕ್ಕ ತಣ್ಣಗೆ ಹೇಳಿದಳು: "ಬಿಚ್ಚ್ರಿ, ನೋಡೂಣು."

ಬಾಯಾರು ರೂಢಿಯಂತೆ ಕುತ್ತಿಗೆಗೆ ಕೈ ಹಾಕಿದರು. ಅಲ್ಲಿಯ ದಾರದ ತುದಿ ಕತ್ತರಿಸಿ ಎಳೆದರು. ಹೆಣಿಗೆ ಮುಗಿದ ಕಡೆಯಿಂದ ಎಳೆದರೆ ಸರಸರನೆ ಬಿಚ್ಚುತ್ತದೆ. ಸುರುವಾದ ಕಡೆಯಿಂದ ಎಳೆದರೆ ಬಿಗಿಯುತ್ತದೆ. ನನ್ನದು ಅಲ್ಲೇ ಸುರು. ಎಳೆದಷ್ಟೂ ನಾನು ಗಟ್ಟಿಯಾದೆ. ಕೊನೆಗೆ ದಾರ ಪಟ್ಟನೆ ತುಂಡಾಗಿ ಅವರ ಕೈಯಲ್ಲಿ ಗೇಣುದ್ದದ ಕೆಂಪು ಎಳೆ ಉಳಿಯಿತು. ಸುತ್ತ ಕೂತ ಹೆಂಗಸರು ತುಟಿ ಕಚ್ಚಿಕೊಂಡು ನೆಲ ನೋಡಿದರು. ಸುವಾರ್ತಕ್ಕ ನನ್ನನ್ನು ಎತ್ತಿಕೊಂಡು ಹೊರಟುಹೋದಳು.

ಮರುದಿನ ನನ್ನನ್ನು ಬಿಳಿ ಸೀರೆಯ ಮೇಲೆ ಹಾಕಿಕೊಂಡೇ ಚರ್ಚಿಗೆ ಬಂದಳು. ಮುಂದಿನ ಬೆಂಚಿನಲ್ಲಿ ಕೂತಳು. ಹರಾಜು ಕೂಗುತ್ತಿದ್ದವರು ಸಭಾ ಹಿರಿಯರಾದ ಯೋಬಪ್ಪನವರು. "ಇನ್ನೇನರ ಐತೇನು?" ಎಂದು ಕೊನೆಯಲ್ಲಿ ಕೇಳಿದಾಗ ಅವಳು ಎದ್ದು, ನನ್ನನ್ನು ಕಳಚಿ, ಅವರ ಮೇಜಿನ ಮೇಲೆ ಇಟ್ಟಳು. ನನ್ನನ್ನು ಅಲ್ಲಿಂದ ತೆಗೆಯುವ ಧೈರ್ಯ ಯೋಬಪ್ಪನವರಿಗೆ ಇರಲಿಲ್ಲ, ಬಾಯಾರಿಗೂ ಇರಲಿಲ್ಲ.

ಆ ಹರಾಜಿಗೆ ಒಂದು ಪದ್ಧತಿ ಇದೆ. ಕೊಂಡವರು ಬೇಕಾದರೆ ವಸ್ತುವನ್ನು ಮರಳಿ ದೇವರಿಗೇ ಕೊಡಬಹುದು, ಮತ್ತೆ ಕೂಗು ನಡೆಯುತ್ತದೆ. ಒಂದೇ ಕುಂಬಳಕಾಯಿ ಹಲವು ಸಲ ಮಾರಾಟವಾಗಿ ಚರ್ಚಿಗೆ ಲಾಭ. ಭಕ್ತಿಯ ಪದ್ಧತಿ, ಒಳ್ಳೆಯ ಪದ್ಧತಿ. ಅವತ್ತು ಅದು ನನ್ನ ಪಾಲಿಗೆ ಚೇಷ್ಟೆಯಾಯಿತು. ಮೊದಲು ಕೂಗಿದವನು ನನ್ನನ್ನು ಹೆಗಲಿಗೆ ಹಚ್ಚಿ ನೋಡಿ, "ಮರಳಿ ಕೊಟ್ಟೀನ್ರೀ," ಅಂದ. ಜನ ನಕ್ಕರು. ಎರಡನೆಯವನೂ ಹಾಗೇ ಮಾಡಿದ. ಆಮೇಲೆ ಅದೇ ಆಟವಾಯಿತು. ಕೊಳ್ಳುವುದು, ತೋಳು ಜೋತಾಡಿಸಿ ತೋರಿಸುವುದು, ಮರಳಿಸುವುದು. ಎಲ್ಲರೂ ನನ್ನನ್ನು ಕೊಂಡರು, ಯಾರೂ ಮನೆಗೆ ಒಯ್ಯಲಿಲ್ಲ. ಸುವಾರ್ತಕ್ಕನಿಗೆ ಮುಖಗಳು ಕಾಣುತ್ತಿರಲಿಲ್ಲ. ನಗು ಕೇಳುತ್ತಿತ್ತು. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೇ ಇದ್ದಳು. ಇನ್ನೊಂದು ಸುತ್ತು ಹೀಗೇ ನಡೆದಿದ್ದರೆ ಅವಳು ಕಡ್ಡಿಗಳನ್ನು ಒಲೆಗೆ ಹಾಕುತ್ತಿದ್ದಳು. ಅವಳ ಕೈಯಿಂದ ಬಂದವನು ನಾನು, ನನಗೆ ಗೊತ್ತು.

ಹಿಂದಿನಿಂದ ಒಂದು ಹೆಂಗಸಿನ ದನಿ ಬೆಲೆ ಕೂಗಿತು. ರೂತವ್ವ. ಅಡುಗೆಮನೆಯಿಂದ ಹಾಗೇ ಬಂದಿದ್ದಳು, ಸೆರಗಿಗೆ ಹಿಟ್ಟು ಮೆತ್ತಿತ್ತು. ಅವಳಿಗಿಂತ ಹೆಚ್ಚಿಗೆ ಯಾರೂ ಕೂಗಲಿಲ್ಲ. ಯೋಬಪ್ಪನವರು ನನ್ನನ್ನು ಕೊಡುತ್ತ, "ಮರಳಿ ಕೊಡ್ತೀಯೇನವಾ?" ಎಂದು ನಗುತ್ತಲೇ ಕೇಳಿದರು.

"ಯಾಕ ಕೊಡ್ಲಿ?" ಅಂದಳು ರೂತವ್ವ. "ನಸುಕಿನ್ಯಾಗ ಎದ್ದು ನಿಮ್ಮ ಹುಡುಗ್ರಿಗೆ ರೊಟ್ಟಿ ಬಡಿಯಾಕಿ ನಾ. ಥಂಡಿ ಹತ್ತೂದು ನನಗ. ನಾ ಕೊಡೂದಿಲ್ರಿ."

ಅಲ್ಲೇ, ಎಲ್ಲರ ಮುಂದೆ, ನನ್ನನ್ನು ತೊಟ್ಟಳು. ಬಲತೋಳು ಸರಿಯಾಗಿ ಕೂತಿತು. ಎಡತೋಳನ್ನು ಎರಡು ಮಡಿಕೆ ಮಡಚಿದಳು. ನಗು ನಿಂತುಹೋಯಿತು. ಆ ಕ್ಷಣ ನನಗಾದ ಹೆಮ್ಮೆಯನ್ನು ನಾನೇಕೆ ಮುಚ್ಚಿಡಲಿ? ಬೀಗಿದೆ.

ಮರುವಾರದಿಂದ ಒಂದು ವಿಚಿತ್ರ ಸುರುವಾಯಿತು. ಸಮಾಜದ ಹೆಂಗಸರು ಒಬ್ಬೊಬ್ಬರಾಗಿ, ಹೇಮಲತಾ ಬಾಯಾರ ಕಣ್ಣು ತಪ್ಪಿಸಿ, ಮಿಕ್ಕ ದಾರವನ್ನು ತಂದು ಸುವಾರ್ತಕ್ಕನ ಬಾಗಿಲ ಚಿಲಕಕ್ಕೆ ತೂಗುಹಾಕಿ ಹೋಗತೊಡಗಿದರು. ಅವಳು ಕುಲಾವಿ ಹೆಣೆದಳು, ಮಫ್ಲರ್ ಹೆಣೆದಳು. ಹಾಲಿನವನು, ಪೇಪರಿನವನು, ಅಂಚೆಯವ, ಎಲ್ಲರ ತಲೆಯ ಮೇಲೂ ನನ್ನ ತಮ್ಮತಂಗಿಯರು ಕೂತರು. ಬಾಯಾರು ಮಾತ್ರ ಅವನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಸಮಾಜದ ಮೇಜಿನ ಮೇಲೆ ಸುವಾರ್ತಕ್ಕನ ಹೆಣಿಗೆಗೆ ಜಾಗ ಕೊಡಲಿಲ್ಲ. ಅವಳು ಕೇಳಲೂ ಇಲ್ಲ.

ನಾನು ಅಡುಗೆಮನೆಯ ಸ್ವೆಟರ್ ಆದೆ. ಒಲೆಯ ಕಿಡಿ ಹಾರಿ ಮೊಣಕೈ ಸುಟ್ಟಿತು. ಹೊಗೆ ಕುಡಿದೆ, ಬೇಳೆಯ ನೊರೆ ಚೆಲ್ಲಿಸಿಕೊಂಡೆ. ರೂತವ್ವನ ಮಗಳು ಬಾಣಂತನಕ್ಕೆ ಬಂದಾಗ ಕೂಸನ್ನು ನನ್ನಲ್ಲೇ ಸುತ್ತಿದರು, ಅದು ನನ್ನ ಮೇಲೆ ಮಾಡಬಾರದ್ದನ್ನೆಲ್ಲ ಮಾಡಿತು. ಹರಿದಾಗೆಲ್ಲ ರೂತವ್ವ ನನ್ನನ್ನು ಸುವಾರ್ತಕ್ಕನ ಹತ್ತಿರ ಒಯ್ಯುತ್ತಿದ್ದಳು. ಅಷ್ಟರಲ್ಲಿ ಸುವಾರ್ತಕ್ಕನಿಗೆ ಕೆಂಪೂ ಹಸಿರೂ ಕಾಣದಾಗಿತ್ತು. ಆಗ ಅವಳು ದಪ್ಪ ದಾರದ ಪಕ್ಕ ಸಣ್ಣ ದಾರ, ಒರಟಿನ ಪಕ್ಕ ನುಣುಪು ಹಿಡಿದು ಹೆಣೆಯಲು ಕಲಿತಳು. ಸಾಲು ಎಲ್ಲಿ ಮುಗಿಯಿತು ಎಂದು ಬೆರಳು ಹೇಳುತ್ತಿತ್ತು. ನನ್ನ ಮೊಣಕೈ, ಅಂಚು, ಜೇಬು ಎಲ್ಲವೂ ಅವಳ ಆ ಕಾಲದ ಕೆಲಸ. ತೀರಿಕೊಂಡ ದಿನ ಬೆಳಗ್ಗೆಯೂ ಅವಳ ಕಡ್ಡಿಯ ಮೇಲೆ ಅರ್ಧ ಕುಲಾವಿ ಇತ್ತು. ದಾರದ ಉಂಡೆಗಳ ಆ ದಿಂಬಿನ ಚೀಲ ರೂತವ್ವನ ಮನೆ ಸೇರಿತು.

ಈಗ ನನಗೂ ವಯಸ್ಸಾಗಿದೆ. ರೂತವ್ವ ಕೆಲಸ ಬಿಟ್ಟು ಮನೆಯಲ್ಲಿದ್ದಾಳೆ. ಬಾಗಿಲ ಪಕ್ಕದ ಕಟ್ಟೆಯ ಮೇಲೆ ನಾನು ಅವಳಿಗೆ ಕೂರುವ ಮೆತ್ತೆ, ಚಳಿಗಾಲದ ನಸುಕಿನಲ್ಲಿ ಮಾತ್ರ ಸ್ವೆಟರ್. ಮಳಿಗೆಗಳಲ್ಲಿ ಯಂತ್ರ ಹೆಣೆದ ಸ್ವೆಟರ್‌ಗಳು ಸಾಲಾಗಿ ತೂಗುತ್ತವಂತೆ, ಎಲ್ಲವೂ ಒಂದೇ ಅಚ್ಚು. ತೂಗಲಿ. ನನ್ನ ಹಾಗೆ ಇನ್ನೊಂದು ಎಲ್ಲಿದೆ, ತೋರಿಸಿ.

ಈ ಸಲದ ಚಳಿ ಸುರುವಾದಾಗ ಒಂದು ಮಧ್ಯಾಹ್ನ ಹೇಮಲತಾ ಬಾಯಾರು ಬಂದರು. ಕೋಲು ಊರುತ್ತ, ಗೋಡೆ ಹಿಡಿಯುತ್ತ. ಅವರ ಕಣ್ಣುಗಳೂ ಹೋಗುತ್ತಿವೆ ಎಂದು ಕೇಳಿದ್ದೆವು. ಸಮಾಜದ ಹೊಸಬರು ಅವರ ಕೈಯಿಂದ ಉಲನ್ ತೆಗೆದಿಟ್ಟಿದ್ದರು ಎಂದೂ ಕೇಳಿದ್ದೆವು. ಕಟ್ಟೆಯನ್ನು ಕೈಯಿಂದ ತಡವಿ ಅವರು ಕೂತರು.

"ರೂತವ್ವಾ, ಆ ಸ್ವೆಟರ್ ಐತೇನು ಇನ್ನ?"

ರೂತವ್ವ ನನ್ನ ಮೇಲೆ ಇನ್ನಷ್ಟು ಭಾರ ಹಾಕಿ ಕೂತಳು. "ಯಾಕ್ರೀ? ಬಿಚ್ಚಾಕ ಬಂದೀರೇನು?"

"ಇಲ್ಲವಾ. ಆಕಿ ಹೆಂಗ ಮಾಡಿದ್ಲು ಅಂತ ನೋಡಬೇಕಾಗೇತಿ. ಕೇಳಾಕ ಆಕಿ ಇಲ್ಲಲ್ಲ."

ರೂತವ್ವ ಎದ್ದಳು. ನನ್ನನ್ನು ಝಾಡಿಸಿ ಅವರ ಮಡಿಲಿಗೆ ಹಾಕಿದಳು. ಎಷ್ಟೋ ವರ್ಷ ಈ ಗಳಿಗೆಗೆ ಕಾದಿದ್ದೆ ನಾನು. ಒರಟಾಗಿ ಚುಚ್ಚಬೇಕು, ಎಲ್ಲಿ ಏನಿದೆ ಎಂದು ಗೊತ್ತಾಗದ ಹಾಗೆ ಮುದುಡಿಕೊಳ್ಳಬೇಕು ಅಂದುಕೊಂಡಿದ್ದೆ. ಆದರೆ ಆ ಬೆರಳುಗಳು ಸುವಾರ್ತಕ್ಕನ ಬೆರಳುಗಳ ಹಾಗೆಯೇ ದಾರಿ ಹುಡುಕುತ್ತಿದ್ದವು. ಮೊಣಕೈಯ ತೇಪೆಯ ಮೇಲೆ ದಪ್ಪ ಸಾಲಿನಿಂದ ಸಣ್ಣ ಸಾಲಿಗೆ ಇಳಿದವು, ನಿಂತವು, ಮತ್ತೆ ಇಳಿದವು. ಮೇಷ್ಟರ ಬುದ್ಧಿ ಎಲ್ಲಿ ಹೋದೀತು, ಬಗಲಿನ ಹತ್ತಿರ ಬಂದಾಗ ಹುಬ್ಬು ಗಂಟಾಯಿತು.

"ಇಲ್ಲೊಂದು ಕುಣಿಕಿ ಬಿಟ್ಟಾಳ ನೋಡು."

"ಬಿಟ್ಟಾಳ್ರೀ," ಅಂದಳು ರೂತವ್ವ. "ಗಂಟ ಹಾಕಿ ಹಂಗ ಮುಂದ ಹೋಗ್ಯಾಳ. ಇಷ್ಟ ವರ್ಷ ಹಾಕ್ಕೊಂಡೀನಿ, ಅದರಾಗಿಂದ ಥಂಡಿ ಒಳಗ ಬಂದಿಲ್ರಿ."

ಬಾಯಾರು ಆ ಗಂಟನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ತಮ್ಮ ಚೀಲದಿಂದ ಕಡ್ಡಿಗಳನ್ನು ತೆಗೆದು, ರೂತವ್ವನ ಕಡೆ ಕೈ ಚಾಚಿ, ಎಲ್ಲಕ್ಕಿಂತ ದಪ್ಪಗಿರುವ ದಾರ ಯಾವುದಿದೆಯೋ ಅದನ್ನು ಕೊಡು ಅಂದರು.