ನಾಯಿಗೆ ಏನೂ ಆಗುವುದಿಲ್ಲ

ಬಿಳಿ ಅಂಗಿಯ ಎಡತೋಳು ಮುಗಿದಿತ್ತು. ಬಲತೋಳಿಗೆ ನೀರು ಚಿಮುಕಿಸುವಷ್ಟರಲ್ಲಿ ಅಂಗಡಿಯ ಬಾಗಿಲನ್ನು ಯಾರೋ ಬೆರಳ ಗೆಣ್ಣಿನಿಂದ ತಟ್ಟಿದರು. ಚಿನ್ನಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಅರ್ಧ ಮುಚ್ಚಿದ್ದ ಬಾಗಿಲನ್ನು ಮೇಲಕ್ಕೆತ್ತಿದಳು. ಹೊರಗೆ ಶಾಲಾ ಬಸ್ಸಿನ ಹಳೆಯ ಡ್ರೈವರು, ಕೈಯಲ್ಲಿ ಗುಲಾಬಿ ಬಣ್ಣದ ಚೀಟಿ ಹಿಡಿದು ನಿಂತಿದ್ದರು.

"ಏನಮ್ಮ ಚಿನ್ನಿ, ನೀನ್ಯಾವಾಗ ಬಂದೆ? ಅಮ್ಮ ಎಲ್ಲಿ? ನನ್ನ ಕೋಟು ಮಂಗಳವಾರ ಅಂದಿದ್ರು. ಹಾಗೇ ಹೇಳ್ಬಿಡು, ಅವ್ರು ಹೇಳಿದ ಧಾರಾವಾಹಿ ಆರೂ ಕಂತು ನೋಡಿ ಮುಗಿಸ್ದೆ ಅಂತ. ಕೊಲೆ ಮಾಡಿದ್ದು ಪಾದ್ರಿ ಅಲ್ಲ ಅಂತ ಎರಡನೇ ಕಂತಲ್ಲೇ ನಂಗೊತ್ತಾಗಿತ್ತು. ನನ್ನನ್ನೇನು ಅಷ್ಟು ದಡ್ಡ ಅನ್ಕೊಂಡಿದಾರಾ?"

ಚಿನ್ನಿ ಅವರ ಕೈಯ ಚೀಟಿಯನ್ನು ನೋಡಿದಳು. ನಿನ್ನೆಯಿಂದ ಎಷ್ಟೋ ಜನಕ್ಕೆ ಹೇಳಿದ್ದಳು, ಫೋನಿನಲ್ಲೂ ಎದುರಲ್ಲೂ. ನಗುನಗುತ್ತಾ ಬಂದವರಿಗೆ ಹೇಳುವುದು ಹೇಗೆಂದು ಮಾತ್ರ ತಿಳಿಯಲಿಲ್ಲ.

"ಅಜ್ಜಿ ತೀರ್ಕೊಂಡ್ರು," ಎಂಬ ದನಿ ಹಿಂದಿನಿಂದ ಬಂತು.

ಒಂಬತ್ತು ವರ್ಷದ ಮಗಳು ಪುಟ್ಟಿ ಒಳಬಾಗಿಲ ಚೌಕಟ್ಟಿಗೆ ಆತುಕೊಂಡು ಬನಿಯನ್ನಿನಲ್ಲೇ ನಿಂತಿದ್ದಳು. ನಿನ್ನೆಯಿಂದ ಅವಳು ಆಡಿದ ಮೊದಲ ಮಾತು ಅದು.

ಡ್ರೈವರು ಚೀಟಿಯನ್ನೂ ಅವಳನ್ನೂ ಒಮ್ಮೆ ನೋಡಿ, ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತರು.

"ಅಯ್ಯೋ ಕಂದ," ಎಂದರು. ಆಮೇಲೆ, ಯಾರಿಗೋ ವರದಿ ಒಪ್ಪಿಸುವವರ ಹಾಗೆ, "ಮುಂದೇನು ನೋಡ್ಲಿ ಅಂತ ಕೇಳೋಕೆ ಬಂದಿದ್ದೆ," ಎಂದರು.

ಚಿನ್ನಿ ಅವರಿಗೆ ನೀರು ತರಲು ಹೋದಳು. ಅವರ ಕೋಟನ್ನು ಹುಡುಕಿದಳು. ಅಷ್ಟರಲ್ಲಿ ಅಣ್ಣ ಕರೆದ, ಹೂವಿನವನು ಬಂದ. ಪುಟ್ಟಿ ಮೇಜಿನ ಮೇಲೆ ಅರ್ಧಕ್ಕೆ ಉಳಿದಿದ್ದ ತನ್ನ ಅಂಗಿಯನ್ನು ತಾನೇ ತೆಗೆದು ತೊಟ್ಟುಕೊಂಡಳು.

*

ಚಿನ್ನಿಯ ತಾಯಿ ಬೀದಿಗೆಲ್ಲ ಇಸ್ತ್ರಿ ಅಮ್ಮ. ಮೂವತ್ತೊಂದು ವರ್ಷ ಅದೇ ಮುಂಗೋಣೆಯಲ್ಲಿ ನಿಂತು ಪರರ ಬಟ್ಟೆಯ ಸುಕ್ಕು ಬಿಡಿಸಿದವಳು. ಗಂಡ ತೀರಿಕೊಂಡ ವರ್ಷ ಮಗ ತಂದಿಟ್ಟ ಟೀವಿಯಲ್ಲಿ ಏನೋ ಒತ್ತಲು ಹೋಗಿ ಏನೋ ಒತ್ತಿದಾಗ, ಇಂಗ್ಲೆಂಡಿನ ಯಾವುದೋ ಹಳ್ಳಿಯ ಧಾರಾವಾಹಿಯೊಂದು ತೆರೆದುಕೊಂಡಿತು. ಮಂಜು, ಕಲ್ಲಿನ ಗೋಡೆ, ಕೊಳದ ಬಳಿ ಒಂದು ಹೆಣ. ಕೆಳಗೆ ಓಡುವ ಅಕ್ಷರಗಳನ್ನು ಬೆರಳಿಟ್ಟು ಓದುವವಳ ಹಾಗೆ ಓದುತ್ತಾ ಕುಳಿತವಳು ಆ ದಿನ ಒಲೆ ಹಚ್ಚಲಿಲ್ಲ.

"ಎಷ್ಟು ಮೆತ್ತಗೆ ಬೈತಾರೆ ನೋಡೇ," ಎಂದು ಮರುದಿನ ಚಿನ್ನಿಗೆ ಫೋನಿನಲ್ಲಿ ಹೇಳಿದ್ದಳು. "ಕೊಲೆ ಮಾಡಿದವನಿಗೂ, ದಯವಿಟ್ಟು ಕೂತ್ಕೊಳ್ಳಿ, ಟೀ ಕುಡೀತೀರಾ ಅಂತಾರೆ. ನಿಮ್ಮಪ್ಪ ನಂಗೆ ಒಂದಿನ ಆದ್ರೂ ಕೂತ್ಕೊ ಅಂದಿದ್ರಾ?"

ಅಲ್ಲಿಂದ ಶುರು. ಪತ್ತೇದಾರಿ ಕತೆಗಳು, ನ್ಯಾಯಾಲಯದ ಕತೆಗಳು, ದೊಡ್ಡ ಬಂಗಲೆಯ ಮಹಡಿಯವರೂ ಅಡುಗೆಮನೆಯವರೂ ಜಗಳವಾಡುವ ಕತೆಗಳು. ತಾನು ನೋಡಿದರೆ ಅವಳಿಗೆ ಸಾಲದು, ಬೀದಿಯೆಲ್ಲ ನೋಡಬೇಕು. ಬಟ್ಟೆಗೆ ಚುಚ್ಚುವ ಗುಲಾಬಿ ಚೀಟಿಯ ಹಿಂದೆ ಶಿಫಾರಸು ಬರೆಯತೊಡಗಿದಳು. ಯಾರಿಗೆ ಯಾವುದು ಎಂಬುದನ್ನು ಬಟ್ಟೆ ನೋಡಿಯೇ ತೀರ್ಮಾನ. ಮೊಣಕೈ ಸವೆದ ಕೋಟಿನವರಿಗೆ ನಿಧಾನದ ಕತೆ. ಕಾಲರು ಸದಾ ಬೆವರುವವರಿಗೆ ರಕ್ತವಿಲ್ಲದ್ದು. ಮೂಲೆಯ ಆಸ್ಪತ್ರೆಯ ನರ್ಸಿಗೆ ಒಮ್ಮೆ ಬರೆದಿದ್ದಳು: "ಇದರಲ್ಲಿ ಸಾವೇ ಇಲ್ಲ. ಮೊದಲ ಎರಡು ಕಂತು ಬೇಜಾರು, ಹಲ್ಲು ಕಚ್ಚಿಕೊಂಡು ನೋಡು. ಮೂರನೆಯದರಲ್ಲಿ ಅತ್ತುಬಿಡು, ಹಗುರಾಗುತ್ತೆ." ಡ್ರೈವರ ಚೀಟಿಯಲ್ಲಿ ಇದ್ದದ್ದು: "ಮಳೆ ಜಾಸ್ತಿ. ರಕ್ತ ಒಂದು ಚಮಚ. ಪಾದ್ರಿಯನ್ನು ನೋಡುತ್ತಿರಿ. ನಾಯಿಗೆ ಏನೂ ಆಗುವುದಿಲ್ಲ."

ಆ ಕೊನೆಯ ಸಾಲು ಪುಟ್ಟಿಯಿಂದ ಬಂದದ್ದು. ಯಾವ ಕತೆ ಶುರುವಾದರೂ ಅವಳ ಮೊದಲ ಪ್ರಶ್ನೆ ಅದೇ. ಅಜ್ಜಿ ಮುಂಚೆಯೇ ನಾಯಿ ಬರುವ ಜಾಗಗಳನ್ನಷ್ಟೇ ಓಡಿಸಿ ನೋಡಿ, ನಾಯಿ ಬದುಕಿದ್ದರೆ ಮಾತ್ರ ಮೊಮ್ಮಗಳಿಗೆ ಹೇಳುತ್ತಿದ್ದಳು.

ತಾಯಿ ಮಗಳ ಆಟ ಬೇರೆಯೇ ಇತ್ತು. ಚಿನ್ನಿಯ ಮನೆ ಊರಿನ ಇನ್ನೊಂದು ತುದಿಯಲ್ಲಿ. ಭಾನುವಾರ ಸಂಜೆ ಸರಿಯಾಗಿ ಆರಕ್ಕೆ ಫೋನಿನಲ್ಲಿ ಒಂದು, ಎರಡು, ಮೂರು ಎಣಿಸಿ ಇಬ್ಬರೂ ಒಟ್ಟಿಗೆ ಗುಂಡಿ ಒತ್ತುವುದು, ಫೋನ್ ಇಡುವುದು. ಕೊನೆಯ ಕಂತಿಗೆ ಮೊದಲು ಕೊಲೆಗಾರ ಯಾರೆಂದು ಇಬ್ಬರೂ ಹೇಳಬೇಕು. ಕೊನೆಯ ಕಂತು ಓಡುವಾಗ ಫೋನ್ ಎತ್ತಿದವರು ಸೋತ ಹಾಗೆ. ಗೆದ್ದವರು ಮುಂದಿನ ಧಾರಾವಾಹಿ ಆರಿಸಬಹುದು. ಅಮ್ಮ ಮಹಾ ಕಿಲಾಡಿ. ಎಳೆ ಬಿಗಿಯಾಗುವ ಹೊತ್ತಿಗೆ ಸರಿಯಾಗಿ ಫೋನ್ ಮಾಡಿ ಚಿನ್ನಿಯನ್ನು ಎರಡು ಸಲ ಸೋಲಿಸಿದ್ದಳು. "ಗ್ಯಾಸ್ ಸೋರ್ತಿದೆಯೇನೋ ಅನ್ಸ್ತು ಕಣೇ," ಎಂದು ನಕ್ಕಿದ್ದಳು ಒಮ್ಮೆ.

*

ಹತ್ತು ಗಂಟೆಯ ಹೊತ್ತಿಗೆ ಮನೆ ತುಂಬಿತು. ಪಕ್ಕದ ಅಂಗಡಿಯ ದರ್ಜಿ ಮಾಮ ಬಂದ ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳುತ್ತಿದ್ದರು. ಹೆಣವನ್ನು ಮೊದಲು ಕಂಡವರು ಅವರೇ.

"ನಿನ್ನೆ ಸೋಮವಾರ ಬೆಳಿಗ್ಗೆ ಎಂಟಾದ್ರೂ ಬಾಗಿಲು ತೆಗೀಲಿಲ್ಲ. ನನ್ನತ್ರ ಒಂದು ಕೀಲಿಕೈ ಇರತ್ತಲ್ಲ, ತೆಗೆದೆ. ಕುರ್ಚಿಯಲ್ಲಿ ಹೀಗೆ ಕೂತಿದಾರೆ, ಎದುರಿಗೆ ಟೀವಿ. ಕಪ್ಪಗಿತ್ತು. ಮುಗಿದು ತಾನೇ ಆರಿಹೋಗಿರ್ಬೇಕು. ನಿದ್ದೆ ಬಂದಿದೆ ಅನ್ಕೊಂಡು ಭುಜ ಮುಟ್ಟಿದೆ..."

"ನೋಡ್ತಾ ನೋಡ್ತಾನೇ ಹೋದ್ರು," ಎಂದಳು ನರ್ಸು. "ಹೃದಯ. ಒಂದೇ ಸಲಕ್ಕೆ. ಅವ್ರಿಗೆ ಗೊತ್ತೇ ಆಗಿರಲ್ಲ ಚಿನ್ನಿ. ಎಷ್ಟು ಜನಕ್ಕೆ ಸಿಗತ್ತೆ ಅಂಥ ಸಾವು?"

"ಕೊಲೆಗಾರ ಯಾರು ಅಂತ ತಿಳ್ಕೊಂಡೇ ಹೋಗಿದಾಳೆ ಬಿಡಿ," ಎಂದ ಅಣ್ಣ. "ಇಲ್ಲಾಂದ್ರೆ ಅವಳೆಲ್ಲಿ ಹೋಗ್ತಿದ್ಲು?"

ಒಂದೆರಡು ಜನ ನಕ್ಕರು, ಅತ್ತರು. ಅಣ್ಣನ ಅಂಗಿಯ ಜೇಬಿನಲ್ಲಿ ಅಮ್ಮನ ಫೋನು ಇತ್ತು. ಕುರ್ಚಿಯ ಕೆಳಗೆ ಬಿದ್ದು ಸಿಕ್ಕಿದ್ದು, ಬ್ಯಾಟರಿ ಖಾಲಿ. ಅವನು ಬಗ್ಗಿದಾಗಲೆಲ್ಲ ಅದರ ತುದಿ ಜೇಬಿನಿಂದ ಇಣುಕುತ್ತಿತ್ತು. ಚಿನ್ನಿ ಅತ್ತ ನೋಡದಿರಲು ಎಷ್ಟು ಪ್ರಯತ್ನಿಸಿದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

"ಅಮ್ಮಾ," ಎಂದಳು ಪುಟ್ಟಿ, ಪಕ್ಕಕ್ಕೆ ಬಂದು.

"ಹೋಗಮ್ಮ, ಆ ಲೋಟ ಎಲ್ಲ ಒಳಗಿಟ್ಟು ಬಾ."

ಪುಟ್ಟಿ ಲೋಟಗಳನ್ನು ಒಳಗಿಟ್ಟು ಬಂದು ಮತ್ತೆ ನಿಂತಳು. "ಅಮ್ಮಾ, ಒಂದು ಕೇಳ್ಲಾ?"

"ಆಮೇಲೆ ಕೇಳುವಿಯಂತೆ ಬಂಗಾರ. ಈಗ ಮಾವನ ಜೊತೆ ಇರು."

ಮಗಳ ಪ್ರಶ್ನೆ ಏನೆಂದು ಚಿನ್ನಿಗೆ ಗೊತ್ತಿತ್ತು. ನಿನ್ನೆ ಬೆಳಿಗ್ಗೆ ಸುದ್ದಿ ಬಂದಾಗಿನಿಂದ ಆ ಪ್ರಶ್ನೆ ಇಬ್ಬರ ನಡುವೆ, ಮೂರನೆಯವರೊಬ್ಬರು ಮನೆಯಲ್ಲಿ ಇರುವ ಹಾಗೆ, ಓಡಾಡುತ್ತಿತ್ತು. ಅದಕ್ಕೇ ಅವಳು ಮಗಳಿಗೆ ಒಂದರ ಮೇಲೊಂದು ಕೆಲಸ ಹೇಳುತ್ತಿದ್ದಳು.

ಅಮ್ಮನನ್ನು ಎತ್ತುವಾಗ ಅವಳು ಮುಖ ನೋಡಿದಳು. ತುಟಿ ಸ್ವಲ್ಪ ತೆರೆದಿತ್ತು. ಯಾವುದೋ ಮಾತಿನ ಮೊದಲ ಅಕ್ಷರಕ್ಕೆ ಸಿದ್ಧವಾದ ಹಾಗೆ.

*

ಭಾನುವಾರ ಆರಕ್ಕೆ ಎರಡು ನಿಮಿಷ ಇರುವಾಗ ಅಮ್ಮ ಫೋನ್ ಮಾಡಿದ್ದಳು.

"ಯಾರು ಹೇಳು," ಎಂದಳು.

"ಆ ವೈದ್ಯನ ತಂಗಿ."

"ಥೂ, ಅವಳಲ್ಲ ಕಣೇ. ಅವಳ ಕೋಟಿನ ಗುಂಡಿ ನೋಡಿದೀಯಾ? ಒಂದು ಕಡೆ ಹೊಲಿಗೆ ಬೇರೆ ದಾರದ್ದು. ಅಷ್ಟು ಬಡವಿ ವಿಷಕ್ಕೆ ಎಲ್ಲಿ ಹೋಗ್ತಾಳೆ? ತೋಟದವನು. ಬರೆದಿಟ್ಕೊ."

"ನಿಂಗೆ ಎಲ್ಲಾದ್ರಲ್ಲೂ ತೋಟದವನೇ!"

"ನೋಡೋಣ. ಪುಟ್ಟಿಗೆ ಹೇಳು, ನಾಯಿಗೆ ಏನೂ ಆಗಲ್ಲ, ನಾಯಿ ಬರೋ ಜಾಗ ಓಡಿಸಿ ನೋಡ್ಕೊಂಡಿದೀನಿ." ಸ್ವಲ್ಪ ತಡೆದು, "ಇವತ್ಯಾಕೋ ತೋಳು ಹಿಡ್ಕೊಂಡಂಗಿದೆ. ನಿನ್ನೆ ಹದಿನೆಂಟು ಹೊದಿಕೆ ಇಸ್ತ್ರಿ ಮಾಡಿದೆನಲ್ಲ, ಅದಕ್ಕೇ," ಎಂದಳು.

"ಎಣ್ಣೆ ಹಚ್ಕೊಮ್ಮ."

"ಹೂಂ. ಒಂದು, ಎರಡು..."

ಆರೂ ಇಪ್ಪತ್ತಮೂರಕ್ಕೆ ಫೋನು ಬೆಳಗಿತು. ಪರದೆಯ ಮೇಲೆ ಕನ್ನಡಕ ಮೂಗಿಗಿಳಿದ ಅಮ್ಮನ ಚಿತ್ರ. ತೆರೆಯ ಮೇಲೆ ಪತ್ತೇದಾರ ಮಹಡಿಯ ಮೆಟ್ಟಿಲು ಹತ್ತುತ್ತಿದ್ದ.

"ಅಜ್ಜಿ!" ಎಂದಳು ಪುಟ್ಟಿ.

"ಎತ್ತಬೇಡ! ಕಳ್ಳಾಟ ನೋಡು ಅವರದ್ದು. ಸೋಲಿಸೋಕೆ ಮಾಡ್ತಿದಾರೆ."

ಅದು ಬಡಿದುಕೊಂಡು ಬಡಿದುಕೊಂಡು ನಿಂತಿತು. ಎರಡು ನಿಮಿಷಕ್ಕೆ ಮತ್ತೆ ಶುರುವಾಯಿತು. ಪುಟ್ಟಿ ಕಿಲಕಿಲ ನಗುತ್ತಾ ಸೋಫಾದ ದಿಂಬನ್ನು ತೆಗೆದು ಫೋನಿನ ಮೇಲೆ ಒತ್ತಿ, ಅದರ ಮೇಲೆ ತಾನೇ ಕುಳಿತುಬಿಟ್ಟಳು. "ಈಗ ಏನ್ ಮಾಡ್ತೀರಾ ಅಜ್ಜಿ?" ಇಬ್ಬರೂ ನಕ್ಕರು. ಈ ಸಲ ಅದು ಎರಡೇ ಸಲ ಗುನುಗಿ ಸುಮ್ಮನಾಯಿತು.

ಕೊಲೆಗಾರ ತೋಟದವನೇ ಆಗಿದ್ದ. ಅಮ್ಮ ಗೆದ್ದಿದ್ದಳು. ಏಳು ಗಂಟೆಗೆ ಚಿನ್ನಿ ಫೋನ್ ಮಾಡಿದರೆ ಅಮ್ಮ ಎತ್ತಲಿಲ್ಲ. ಜಂಭ, ಎಂದುಕೊಂಡಳು ಚಿನ್ನಿ. ನಾನೇ ಬೇಡಿಕೊಳ್ಳಲಿ ಅಂತ. ನಾಳೆ ಮಾಡಿದರಾಯಿತು ಎಂದು ಪುಟ್ಟಿಗೆ ಊಟಕ್ಕೆ ಬಡಿಸಿದಳು.

ಆ ಎರಡು ಕರೆಗಳ ಗುರುತು ಅವಳ ಫೋನಿನಲ್ಲಿ ಈಗಲೂ ಕೆಂಪಗೆ ಇತ್ತು. ನಿನ್ನೆಯಿಂದ ಅಳಿಸಲೆಂದು ಬೆರಳು ಮೂರು ಸಲ ಅಲ್ಲಿಯವರೆಗೆ ಹೋಗಿ ವಾಪಸು ಬಂದಿತ್ತು. ಆಟಕ್ಕೇ ಮಾಡಿದ್ದು, ಎಂದು ತನಗೆ ತಾನೇ ಹೇಳಿಕೊಂಡಳು. ಆಟಕ್ಕೆ ಮಾಡಿ, ಗೆದ್ದು, ತೋಟದವನನ್ನು ಹಿಡಿದದ್ದು ನೋಡಿ, ಆಮೇಲೆ. ನರ್ಸೇ ಹೇಳಿದಳಲ್ಲ, ಗೊತ್ತೇ ಆಗಿರಲ್ಲ ಅಂತ.

*

ಸುಡುಗಾಡಿನಿಂದ ಮರಳಿದಾಗ ಮಧ್ಯಾಹ್ನ ಮೂರು. ಹೆಚ್ಚಿನವರು ಹೊರಟುಹೋಗಿದ್ದರು. ಅಮ್ಮನ ಕೋಣೆಯಲ್ಲಿ ಉಳಿದವರು ಅಣ್ಣ, ದರ್ಜಿ ಮಾಮ, ನರ್ಸು, ಡ್ರೈವರು. ನೆಲದ ಮೇಲೆ ಚಿನ್ನಿಯ ಮೊಣಕಾಲಿಗೆ ಒರಗಿದ ಪುಟ್ಟಿ. ಅಮ್ಮನ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ತೆರೆದ ಬಾಗಿಲಿನಾಚೆ ಅಂಗಡಿಯ ಸರಳಿಗೆ ನೇತುಹಾಕಿದ ಬಟ್ಟೆಗಳು, ಯಜಮಾನರಿಲ್ಲದ ತೋಳುಗಳನ್ನು ಇಳಿಬಿಟ್ಟುಕೊಂಡು ಸಾಲಾಗಿ ನಿಂತಿದ್ದವು. ಎಲ್ಲದರ ಎದೆಯ ಮೇಲೂ ಗುಲಾಬಿ ಚೀಟಿ.

ಎಲ್ಲರ ಕೈಗೂ ಟೀ ಬಂತು. ಡ್ರೈವರು ಗಂಟಲು ಸರಿಮಾಡಿಕೊಂಡರು.

"ತಪ್ಪು ತಿಳೀಬೇಡಿ. ಅವ್ರು ಕೊನೆಗೆ ನೋಡಿದ್ದು ಯಾವುದು? ನಾನೂ ನೋಡ್ಬೇಕು. ಚೀಟಿ ಬರೆದುಕೊಡೋರು ಇನ್ನು ಯಾರಿದಾರೆ?"

"ಹಾಕ್ತೀನಿ ಇರಿ," ಎಂದು ಅಣ್ಣ ಎದ್ದ.

"ಬೇಡ ಬಿಡೋ," ಎಂದಳು ಚಿನ್ನಿ. ಅಣ್ಣ ಆಗಲೇ ರಿಮೋಟಿನ ಗುಂಡಿ ಒತ್ತಿದ್ದ.

ಟೀವಿ ಬೆಳಗಿತು. ಕಲ್ಲಿನ ಮನೆಯ ಚಿತ್ರ, ಅದರಡಿ ಕಂತಿನ ಸಂಖ್ಯೆ, ಅದರಡಿ ಒಂದು ತೆಳ್ಳನೆಯ ಕೆಂಪು ಗೆರೆ. ಗೆರೆ ಈ ತುದಿಯಿಂದ ಹೊರಟು ಅರ್ಧವನ್ನೂ ಮುಟ್ಟದೆ ನಿಂತಿತ್ತು.

"ಇದೇನಿದು?" ಎಂದರು ದರ್ಜಿ ಮಾಮ, ಕನ್ನಡಕ ಏರಿಸಿ. "ಮುಗಿದೇ ಇಲ್ವಲ್ಲ!"

"ಇಪ್ಪತ್ತೆರಡು ನಿಮಿಷ," ಎಂದು ಅಣ್ಣ ಓದಿದ. "ಇಲ್ಲಿ ನಿಲ್ಲಿಸಿದಾಳೆ."

"ಇಸ್ತ್ರಿ ಅಮ್ಮ ಕೊನೆ ಕಂತನ್ನ ನಿಲ್ಸೋದಾ?" ಡ್ರೈವರು ತಲೆ ಅಲ್ಲಾಡಿಸಿದರು. "ಸೂರಿಗೆ ಬೆಂಕಿ ಬಿದ್ರೂ ನಿಲ್ಸೋರಲ್ಲ. ಯಾವಾಗ್ಲಿನ ಹಾಗೆ ಆರಕ್ಕೆ ಶುರು ಮಾಡಿದಾರೆ ಅಂದ್ರೆ ಆರೂ ಇಪ್ಪತ್ತೆರಡಕ್ಕೆ ಏನೋ ಆಗಿದೆ. ಸುಮ್ನೆ ಹೋಗಿದ್ರೆ ಅದು ಅದರ ಪಾಡಿಗೆ ಓಡ್ತಾ ಇರ್ತಿತ್ತು. ಗುಂಡಿ ಒತ್ತಿ ನಿಲ್ಸಿದಾರೆ ಅಂದ್ರೆ, ಯಾರೋ ಬಂದಿರ್ಬೇಕು. ಇಲ್ಲಾ, ಯಾರನ್ನೋ ಕರೀಬೇಕು ಅನ್ಸಿರ್ಬೇಕು."

ಇಷ್ಟು ವರ್ಷ ಅಮ್ಮ ಚೀಟಿ ಬರೆದು ಬರೆದು ಕಲಿಸಿದ್ದು ಅದನ್ನೇ.

"ಯಾರೂ ಬರ್ಲಿಲ್ಲ," ಎಂದರು ದರ್ಜಿ ಮಾಮ. "ನಾನು ಏಳರವರೆಗೂ ಬಾಗಿಲಲ್ಲೇ ಕೂತಿದ್ದೆ."

"ಹಾಗಾದ್ರೆ ಫೋನು." ಅಣ್ಣ ಜೇಬು ಮುಟ್ಟಿಕೊಂಡ. "ಕುರ್ಚಿ ಕೆಳಗೆ ಬಿದ್ದಿತ್ತಲ್ಲ. ತಡೀರಿ, ಚಾರ್ಜಿಗೆ ಹಾಕ್ತೀನಿ."

ನರ್ಸು ಲೋಟವನ್ನು ಕೆಳಗಿಟ್ಟಳು. ಬೆಳಿಗ್ಗೆ ತಾನು ಹೇಳಿದ್ದು ನೆನಪಾಗಿ ಅವಳು ಯಾರ ಮುಖವನ್ನೂ ನೋಡಲಿಲ್ಲ. ಅಣ್ಣ ಗೋಡೆಯ ಬಳಿ ಬಗ್ಗಿ ತಂತಿ ಚುಚ್ಚಿದ. ಕಪ್ಪು ಪರದೆಯ ನಡುವೆ ಪುಟ್ಟದೊಂದು ಬೆಳಕು ಸುತ್ತತೊಡಗಿತು. ಎಲ್ಲರೂ ಒಂದೇ ಕೋಣೆಯಲ್ಲಿ, ಕೈಯಲ್ಲಿ ಟೀ ಲೋಟ ಹಿಡಿದು, ಅದನ್ನೇ ನೋಡುತ್ತಾ ಕುಳಿತಿದ್ದರು.

ಚಿನ್ನಿಯ ಮೊಣಕಾಲಿನ ಮೇಲಿನ ಭಾರ ಸರಿಯಿತು. ಪುಟ್ಟಿ ಎದ್ದು ಎಲ್ಲರ ನಡುವೆ ನಿಂತಿದ್ದಳು. ಅಂಗಿಯ ಎಡತೋಳು ಗೆರೆ ಹಿಡಿದು ನೆಟ್ಟಗಿತ್ತು. ಬಲತೋಳು ಬೆಳಗಿನಿಂದ ಹಾಗೇ ಮುದುಡಿಕೊಂಡಿತ್ತು. ಆ ತೋಳಿನ ತುದಿಯನ್ನು ಅವಳು ಬೆರಳುಗಳಲ್ಲಿ ಹಿಂಡುತ್ತಿದ್ದಳು.

"ಅಮ್ಮಾ."

'ಆಮೇಲೆ' ಎನ್ನಲು ಚಿನ್ನಿ ಬಾಯಿ ತೆರೆದಳು.

"ನಾನು ದಿಂಬು ಮುಚ್ಚಿ ಮೇಲೆ ಕೂತ್ಕೊಂಡ್ನಲ್ಲ, ಅವತ್ತು... ಅಜ್ಜಿ ಫೋನ್ ಮಾಡಿದ್ದು ಆಟಕ್ಕೇ ಅಲ್ವಾ ಅಮ್ಮಾ?"