ಕೆಂಪು ತುದಿಯ ಅಡಿಕೋಲು

"ನಿಲ್ಸಿ, ನಿಲ್ಸಿ. ಇನ್ನು ಇಳಿಸ್ಬೇಡಿ," ಅಂದ ಮೆಕ್ಯಾನಿಕ್ ಡ್ವೈಟ್.

ನಾರ್ಬರ್ಟ್ ರಾಟೆಯ ಸರಪಳಿಯನ್ನು ಬಿಗಿಹಿಡಿದು ನಿಂತ. ಹದಿನಾಲ್ಕು ತಿಂಗಳು ಒಬ್ಬನೇ ಕೂತು ಮಾಡಿದ ಕಾರಿನ ಮಹಾಗನಿ ಬಾಡಿ ಚಾಸಿಯ ಮೇಲೆ ಗೇಣು ಎತ್ತರದಲ್ಲಿ ತೂಗುತ್ತಿತ್ತು. ಡ್ವೈಟ್ ಚಾಸಿಯ ಕೆಳಗೆ ತಲೆ ತೂರಿಸಿ ಏನೋ ಗೊಣಗಿದ. ಹಿಂದಿನ ಬೋಲ್ಟಿನ ತೂತುಗಳು ಕೂಡುತ್ತಿದ್ದವು. ಮುಂದಿನವು ಕೂಡುತ್ತಿರಲಿಲ್ಲ.

"ಎಷ್ಟು?" ಅಂದ ನಾರ್ಬರ್ಟ್.

"ಎರಡಿಂಚು."

"ಸಾಧ್ಯವಿಲ್ಲ."

ಡ್ವೈಟ್ ವಾದಿಸುವ ಪೈಕಿಯವನಲ್ಲ. ಟೇಪು ಎಳೆದು ತೋರಿಸಿದ. ನಕ್ಷೆಯಲ್ಲಿದ್ದದ್ದು ಎಂಟು ಅಡಿ. ಚಾಸಿ ಎಂಟು ಅಡಿಗೇ ಸರಿಯಾಗಿತ್ತು. ಬಾಡಿ ಎಂಟು ಅಡಿ ಎರಡು ಇಂಚು. ಅಗಲದಲ್ಲೂ ಒಂದಿಂಚು ಹೆಚ್ಚು.

ನಾರ್ಬರ್ಟ್ ಪ್ರತಿಯೊಂದು ಹಲಗೆಯನ್ನೂ ಮೂರು ಮೂರು ಸಲ ಅಳೆದಿದ್ದ. ಊರಿನ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಸಂಖ್ಯಾಶಾಸ್ತ್ರ ಹೇಳಿಕೊಟ್ಟವನು. ಅಳತೆಯ ತಪ್ಪುಗಳು ಅತ್ತಲೂ ಬೀಳುತ್ತವೆ ಇತ್ತಲೂ ಬೀಳುತ್ತವೆ, ಕೊನೆಗೆ ಒಂದನ್ನೊಂದು ತಿಂದುಹಾಕುತ್ತವೆ ಎಂದು ಪ್ರತಿ ವರ್ಷ ಮೊದಲ ವಾರದಲ್ಲೇ ಹುಡುಗರಿಗೆ ಧೈರ್ಯ ಹೇಳುತ್ತಿದ್ದವನು. ಇಲ್ಲಿ ಯಾವುದೂ ಯಾವುದನ್ನೂ ತಿಂದಿರಲಿಲ್ಲ. ಎಲ್ಲವೂ ಒಂದೇ ಕಡೆಗೆ ಬಿದ್ದಿದ್ದವು.

ಬಾಡಿಯನ್ನು ಪಕ್ಕಕ್ಕೆ ಸರಿಸಿ ಎರಡು ಮರದ ಸ್ಟ್ಯಾಂಡುಗಳ ಮೇಲೆ ಕೂರಿಸಿದರು. ಡ್ವೈಟ್ ಕೈ ಒರೆಸಿಕೊಳ್ಳುತ್ತ, ತಲೆ ಕೆಡಿಸಿಕೊಳ್ಳಬೇಡಿ ಮೇಷ್ಟ್ರೇ, ಇಂಥದ್ದು ಆಗುತ್ತಿರುತ್ತೆ ಅಂದ. ಚಾಸಿಯನ್ನೇ ಕತ್ತರಿಸಿ ಎರಡಿಂಚು ಸೇರಿಸಬಹುದು, ಮೂರು ವಾರದ ಕೆಲಸ, ಆದರೆ ನಾಳೆಗಂತೂ ಆಗದು.

ನಾಳೆ ಭಾನುವಾರ, ಅಪ್ಪಂದಿರ ದಿನ. ಸರೋವರದ ದಂಡೆಯ ಮೈದಾನದಲ್ಲಿ ಹಾಟ್‌ರಾಡ್‌ಗಳ ಕೂಟ. ಅಜ್ಜನ ಕಾಲದ ಕಾರುಗಳನ್ನು ಕತ್ತರಿಸಿ, ತಗ್ಗಿಸಿ, ಎದೆಯೊಳಕ್ಕೆ ದೊಡ್ಡ ಎಂಜಿನ್ ತುರುಕಿ, ಬಣ್ಣ ಬಳಿದು ತಂದು ನಿಲ್ಲಿಸುತ್ತಾರೆ. ನಾರ್ಬರ್ಟ್‌ನ ಅಪ್ಪ ಕ್ಯಾಸಿಮಿರ್ ನಲವತ್ತು ವರ್ಷ ಮಡಿಸುವ ಕುರ್ಚಿ ಹೊತ್ತುಕೊಂಡು ಅಲ್ಲಿಗೆ ಹೋದವನು. ಒಂದೊಂದೇ ಗಾಡಿಯನ್ನು ಸುತ್ತು ಹಾಕಿ, ಬಗ್ಗಿ ನೋಡಿ, ಮೂಗು ಮುರಿದು ವಾಪಸು ಬರುತ್ತಿದ್ದ. ಎಲ್ಲ ತಗಡು ಅನ್ನುತ್ತಿದ್ದ. ತನ್ನದೊಂದನ್ನು ಮರದಲ್ಲಿ ಮಾಡುತ್ತೇನೆಂದು ಕಂದು ಕಾಗದದ ಮೇಲೆ ನಕ್ಷೆ ಬರೆದು, ಮಹಾಗನಿ ಹಲಗೆಗಳನ್ನು ಸೂರಿಗೆ ಸಿಕ್ಕಿಸಿ, ಮೂವತ್ತರ ಇಸವಿಯ ಚಾಸಿಯೊಂದನ್ನು ಟಾರ್ಪಾಲು ಹೊದಿಸಿಟ್ಟು, ತೊಂಬತ್ತನೆಯ ವಯಸ್ಸಿನಲ್ಲಿ ಸತ್ತ.

ಉಕ್ಕಿನ ಎರಕದ ಕಾರ್ಖಾನೆಯಲ್ಲಿ ಅವನು ಅಚ್ಚಿನ ಬಡಗಿಯಾಗಿದ್ದ. ಅಲ್ಲಿನವರಿಗೆ ಅವನು ಬರೀ ಕ್ಯಾಸ್. ಅವನು ಮರದಲ್ಲಿ ಕೆತ್ತಿಕೊಟ್ಟದ್ದನ್ನು ಮರಳಿನಲ್ಲಿ ಒತ್ತಿ, ಆ ಗುಂಡಿಗೆ ಉಕ್ಕು ಹೊಯ್ಯುತ್ತಿದ್ದರು. ಮಗನ ಕೈಗೆ ಅವನು ಉಜ್ಜುಗೊರಡನ್ನು ಒಮ್ಮೆಯೂ ಕೊಡಲಿಲ್ಲ. ನಿನ್ನದು ಪುಸ್ತಕದ ಕೈ ಅನ್ನುತ್ತಿದ್ದ. ಬೈಗುಳವಲ್ಲ, ಹೊಗಳಿಕೆಯೂ ಅಲ್ಲ. ಹಲಗೆಯೊಂದನ್ನು ತಿರುಗಿಸಿ ನೋಡಿ ಇದರಲ್ಲಿ ಗಂಟಿದೆ ಅಂದಹಾಗೆ.

ಶವಸಂಸ್ಕಾರದ ದಿನ ಕಾರ್ಖಾನೆಯ ಮುದುಕರು ಸಾಲಾಗಿ ಬಂದು ಕೈ ಕುಲುಕಿದ್ದರು. ಒಬ್ಬೊಬ್ಬರೂ ನಾರ್ಬರ್ಟ್‌ನ ಮೆತ್ತನೆಯ ಅಂಗೈಯನ್ನು ಒಂದು ಕ್ಷಣ ಹೆಚ್ಚೇ ಹಿಡಿದುಕೊಂಡು ಬಿಟ್ಟಿದ್ದರು. ಅವನಿಗೆ ಅಳು ಬರಲಿಲ್ಲ. ಮನೆಗೆ ಹೋಗಿ ಉತ್ತರಪತ್ರಿಕೆ ತಿದ್ದಿದ. ಮುಂದಿನ ವಾರ ಅಪ್ಪನ ಉಪಕರಣದ ಪೆಟ್ಟಿಗೆಯನ್ನು ಅಂಗಳದಲ್ಲಿಟ್ಟು ದಾರಿಹೋಕರಿಗೆ ಮಾರಿಬಿಟ್ಟ. ನಾಚಿಕೆ ಆಮೇಲೆ ಬಂತು, ಒಂದೇ ಸಲಕ್ಕೆ ಬಂತು. ಆ ನಾಚಿಕೆಗೇ ಈ ಬಾಡಿ ಹುಟ್ಟಿದ್ದು. ಮಾರದೆ ಉಳಿದಿದ್ದ ಅಪ್ಪನ ನಾಲ್ಕು ಉಪಕರಣಗಳನ್ನು ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲವೆಂದು ಹಟ ತೊಟ್ಟ. ನಾಳೆ ಆ ಮುದುಕರೆಲ್ಲ ಬರುತ್ತಾರೆ. ಗಾಡಿಯನ್ನು ನೋಡಿ, ಕ್ಯಾಸ್‌ನ ಮಗನ ಕೈಯೇ ಇದು ಎಂದು ಯಾರಾದರೊಬ್ಬರು ಹೇಳಬೇಕಿತ್ತು. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಅರವತ್ತಮೂರು ವರ್ಷದವನಿಗೆ ಇಂಥ ಆಸೆ ಇರಬಾರದೆಂದು ಅವನಿಗೂ ಗೊತ್ತಿತ್ತು.

ಫೋನು ಹೊಡೆದುಕೊಂಡಿತು. ಹೆಂಡತಿ ಲೋರ್ನಾ.

"ನಾಳೆಗೆ ಆ ಬೂದು ಪ್ಯಾಂಟೇ ತಾನೆ? ಅದೂ ಹಿಮ್ಮಡಿ ಕೆಳಗೆ ಎಳೀತಿದೆ. ಇನ್ನೊಂದು ಮಡಿಕೆ ಹಾಕ್ಲಾ?"

"ಹೇಗಿದೆಯೋ ಹಾಗಿರ್ಲಿ."

"ಈ ವರ್ಷ ಇದು ಮೂರ್ನೇ ಪ್ಯಾಂಟು, ನಾರ್ಬರ್ಟ್."

"ಬಟ್ಟೆ ಜಗ್ಗತ್ತೆ."

"ಗಾಡಿ ಕೂತ್ಕೊಳ್ತಾ?"

"ನೋಡ್ತಿದೀವಿ," ಎಂದು ಇಟ್ಟುಬಿಟ್ಟ.

ಹೋದ ತಿಂಗಳು ಆಸ್ಪತ್ರೆಯಲ್ಲಿ ನರ್ಸು ಅವನನ್ನು ಗೋಡೆಗೆ ನಿಲ್ಲಿಸಿ ಐದಡಿ ಎಂಟೂವರೆ ಎಂದು ಬರೆದುಕೊಂಡಿದ್ದಳು. ಅವನು ಹಿಗ್ಗಿಹೋಗಿದ್ದ. ಹದಿನೆಂಟರಲ್ಲಿ ಎಷ್ಟಿದ್ದೆನೋ ಈಗಲೂ ಅಷ್ಟೇ, ಒಂದು ಕೂದಲೆಳೆ ಕುಗ್ಗಿಲ್ಲ ಎಂದು ಮನೆಗೆ ಬಂದು ಲೋರ್ನಾಳ ಮುಂದೆ ಕೊಚ್ಚಿಕೊಂಡಿದ್ದ. ಅವಳು ಅವನ ಪ್ಯಾಂಟಿನ ಕಾಲುಗಳನ್ನೇ ನೋಡಿದ್ದಳು.

ಹನ್ನೊಂದು ಗಂಟೆಗೆ ಗೆರಿಟ್ ಬಂದ. ಎಂಬತ್ತೈದರ ಮುದುಕ, ಕೈಯಲ್ಲಿ ಕೋಲು. ಇಪ್ಪತ್ತಾರು ವರ್ಷ ಅಪ್ಪನ ಪಕ್ಕದ ಮೇಜಿನಲ್ಲಿ ಅಚ್ಚು ಕೆತ್ತಿದವನು. ಉಳಿದವರಿಗಿಂತ ಮೊದಲು ಅವನೊಬ್ಬ ನೋಡಲಿ ಎಂದು ನಾರ್ಬರ್ಟ್‌ನೇ ಕರೆದಿದ್ದ. ಈಗ ಬರಬೇಡಿ ಎಂದು ಹೇಳುವಷ್ಟು ಹೊತ್ತಿರಲಿಲ್ಲ.

ಗೆರಿಟ್ ಕೋಲನ್ನು ಡ್ವೈಟ್‌ನ ಕೈಗೆ ಕೊಟ್ಟು, ಬಾಡಿಯ ಬಾಲದಿಂದ ಶುರುಮಾಡಿ ಅಂಗೈ ಆಡಿಸುತ್ತ ಒಂದು ಸುತ್ತು ಬಂದ. ಕೀಲುಗಳ ಮೇಲೆ ಉಗುರು ಎಳೆದ. ಎಲ್ಲೂ ಉಗುರು ತೊಡರಲಿಲ್ಲ.

"ಯಾರು ಮಾಡಿದ್ದು?"

"ನಾನೇ."

"ಸುಳ್ಳು ಹೇಳ್ಬೇಡ್ವೋ."

"ನಾನೇ, ಗೆರಿಟ್ ಅಂಕಲ್."

ಮುದುಕ ಇನ್ನೊಮ್ಮೆ ಕೀಲನ್ನು ಸವರಿದ. "ಕ್ಯಾಸ್‌ನ ಕೈ ಕಣೋ ಇದು," ಅಂದ.

ಹದಿನಾಲ್ಕು ತಿಂಗಳು ಕಾದ ಮಾತು. ಬಂದಾಗ ನಾರ್ಬರ್ಟ್ ಚಾಸಿಯ ಖಾಲಿ ತೂತುಗಳನ್ನು ನೋಡುತ್ತಿದ್ದ. ಎರಡಿಂಚಿನ ವಿಷಯವನ್ನು ಡ್ವೈಟ್‌ನೇ ಹೇಳಿದ.

"ಅಡಿಗೆ ಕಾಲಿಂಚು," ಅಂದ ಗೆರಿಟ್, ಯೋಚಿಸದೆ. "ಏನಲ್ಲಿ ಅಳೆದೆ?"

ನಾರ್ಬರ್ಟ್ ಏಪ್ರನ್ನಿನ ಜೇಬಿನಿಂದ ಅಪ್ಪನ ಅಡಿಕೋಲು ತೆಗೆದುಕೊಟ್ಟ. ಎರಡಡಿ ಉದ್ದದ ಉಕ್ಕಿನ ಪಟ್ಟಿ, ಒಂದು ತುದಿಗೆ ಕೆಂಪು ಬಣ್ಣ. ಹಿಡಿಯುವ ಜಾಗದಲ್ಲಿದ್ದ ಅಕ್ಷರಗಳನ್ನು ಅಪ್ಪನ ಹೆಬ್ಬೆರಳು ಎಂದೋ ಸವೆಸಿಹಾಕಿತ್ತು. ಅದೇ ಸವೆದ ಹಳ್ಳದಲ್ಲಿ ತನ್ನ ಹೆಬ್ಬೆರಳಿಟ್ಟು ಅಳೆಯುವಾಗ ನಾರ್ಬರ್ಟ್‌ಗೆ ಎಂಥದೋ ಸಮಾಧಾನವಾಗುತ್ತಿತ್ತು.

ಗೆರಿಟ್ ಕೆಂಪು ತುದಿ ನೋಡಿದ್ದೇ ಕೆಮ್ಮು ಬರುವ ತನಕ ನಕ್ಕ.

"ಇದು ಅಚ್ಚಿನ ಅಡಿಕೋಲು ಕಣೋ ದಡ್ಡ. ಕಾದ ಉಕ್ಕು ಆರಿದಾಗ ಕುಗ್ಗತ್ತೆ, ಅಡಿಗೆ ಕಾಲಿಂಚು. ಅದಕ್ಕೇ ಅಚ್ಚನ್ನ ಅಷ್ಟು ದೊಡ್ಡದು ಮಾಡ್ಬೇಕು. ಪ್ರತಿ ಗೆರೆಗೂ ಲೆಕ್ಕ ಹಾಕ್ತಾ ಕೂತ್ರೆ ಕೆಲ್ಸ ಆಗತ್ತಾ? ಅದಕ್ಕೆ ಅಡಿಕೋಲನ್ನೇ ಉದ್ದ ಮಾಡಿರ್ತಾರೆ. ಇದರ ಅಡಿ ಅಂಗಡೀಲಿ ಸಿಗೋ ಅಡಿ ಅಲ್ಲ."

ಡ್ವೈಟ್ ತನ್ನ ಟೇಪನ್ನು ಪಕ್ಕಕ್ಕೆ ಹಿಡಿದ. ಅಪ್ಪನ ಎರಡಡಿ, ಟೇಪಿನಲ್ಲಿ ಎರಡಡಿ ಅರ್ಧ ಇಂಚು.

"ನೀನು ಮಾಡಿರೋದು ಗಾಡಿ ಅಲ್ಲ," ಅಂದ ಗೆರಿಟ್. "ಅಚ್ಚು. ಒಳ್ಳೇ ಅಚ್ಚು."

ಅಚ್ಚುಗಳನ್ನು ಆಮೇಲೆ ಏನು ಮಾಡುತ್ತಿದ್ದಿರಿ ಎಂದು ಡ್ವೈಟ್ ಕೇಳಿದ್ದಕ್ಕೆ, ಅಟ್ಟಕ್ಕೆ ಹಾಕುತ್ತಿದ್ದೆವು, ಅಟ್ಟ ತುಂಬಿದಾಗ ಒಲೆಗೆ ಹಾಕುತ್ತಿದ್ದೆವು ಅಂದ ಮುದುಕ. ಕ್ಯಾಸ್ ಆ ದಿನ ಕ್ಯಾಂಟೀನಿನಲ್ಲೇ ಕೂತುಬಿಡುತ್ತಿದ್ದನಂತೆ.

ನಾರ್ಬರ್ಟ್‌ನ ಕಿವಿಗೆ ಇದ್ಯಾವುದೂ ಬೀಳುತ್ತಿರಲಿಲ್ಲ.

"ಇದನ್ನ ಅಪ್ಪ ಮನೇಲೂ ಬಳಸ್ತಿದ್ರು," ಅಂದ.

"ಸಾಧ್ಯವೇ ಇಲ್ಲ. ಕೆಂಪು ತುದೀದು ಕಾರ್ಖಾನೆ ಬಾಗಿಲು ದಾಟೋ ಹಾಗಿರ್ಲಿಲ್ಲ. ಅದಕ್ಕೇ ಬಣ್ಣ ಹೊಡೀತಿದ್ದಿದ್ದು. ನಿವೃತ್ತಿ ದಿನ ನೆನಪಿಗೆ ಅಂತ ಕೊಟ್ಟಿರ್ತಾರೆ."

"ನಾನು ಚಿಕ್ಕೋನಿದ್ದಾಗಿಂದ ನೋಡಿದೀನಿ."

ಗೆರಿಟ್‌ನ ಮುಖದಲ್ಲಿದ್ದ ನಗು ನಿಧಾನಕ್ಕೆ ಇಳಿಯಿತು. "ಮನೇಲಿ ಏನು ಅಳೀತಿದ್ದ?"

ನಾರ್ಬರ್ಟ್ ಅಡಿಕೋಲನ್ನು ವಾಪಸು ಇಸಿದುಕೊಂಡ. "ಗೊತ್ತಿಲ್ದೆ ಬಳಸಿರ್ಬಹುದಾ?" ಅಂದ.

"ಯಾರು, ಕ್ಯಾಸಾ? ಕಣ್ಣು ಕಟ್ಟಿ ಕೈಗೆ ಕೊಟ್ರೂ ಯಾವ ಅಡಿಕೋಲು ಅಂತ ಹೇಳ್ತಿದ್ದ."

ಡ್ವೈಟ್ ಮುದುಕನನ್ನು ಕರೆದುಕೊಂಡು ಎದುರಿನ ಹೋಟೆಲಿಗೆ ಕಾಫಿಗೆ ಹೋದ. ನೀವೂ ಬನ್ನಿ ಎಂದದ್ದಕ್ಕೆ ನಾರ್ಬರ್ಟ್ ಬುತ್ತಿ ಇದೆ ಎಂದು ಸುಳ್ಳು ಹೇಳಿದ. ಡ್ವೈಟ್‌ನ ಟೇಪು ಮೇಜಿನ ಮೇಲೆಯೇ ಇತ್ತು.

ಬಾಡಿಯ ನೆಲಕ್ಕೆ, ಎರಡು ಸೀಟುಗಳ ನಡುವೆ, ಮುಂದಿನಿಂದ ಹಿಂದಕ್ಕೆ ನಾರ್ಬರ್ಟ್ ಒಂದು ಮೇಪಲ್ ಹಲಗೆ ಕೂರಿಸಿದ್ದ. ಅದು ಅಪ್ಪನ ಗ್ಯಾರೇಜಿನ ಗೋಡೆಯಲ್ಲಿದ್ದ ಹಲಗೆ. ಚಿಕ್ಕಂದಿನಲ್ಲಿ ಪ್ರತಿ ಹುಟ್ಟುಹಬ್ಬಕ್ಕೆ ಅವನು ಅದಕ್ಕೆ ಬೆನ್ನು ತಾಗಿಸಿ ನಿಲ್ಲಬೇಕಿತ್ತು. ಅಪ್ಪ ತಲೆಯ ಮೇಲೊಂದು ಮರದ ತುಂಡು ಒತ್ತಿ ಗೆರೆ ಎಳೆಯುತ್ತಿದ್ದ. ಕೆಂಪು ತುದಿಯನ್ನು ನೆಲಕ್ಕೂರಿ ಅಳೆದು, ಕಿವಿಯ ಮೇಲಿನ ಪೆನ್ಸಿಲಿನಿಂದ ಪಕ್ಕದಲ್ಲಿ ಅಂಕಿ ಬರೆಯುತ್ತಿದ್ದ. ಪ್ರತಿ ಸಲವೂ ಇಷ್ಟೇನಾ ಅನ್ನುತ್ತಿದ್ದ. ಅವನು ಮಗನನ್ನು ಮುಟ್ಟುತ್ತಿದ್ದದ್ದು ವರ್ಷಕ್ಕೆ ಅದೊಂದು ಸಲ. ಗೆರೆಗಳು ಅಳಿಸಿಹೋಗಬಾರದೆಂದು ನಾರ್ಬರ್ಟ್ ಅವುಗಳ ಮೇಲೆ ಏಳು ಕೋಟು ವಾರ್ನಿಷ್ ಹೊಡೆದಿದ್ದ.

ಕೊನೆಯ ಗೆರೆ ಹದಿನೆಂಟರದ್ದು. ಪಕ್ಕದಲ್ಲಿ ಐದಡಿ ಎಂಟೂವರೆ. ಆ ವಾರವೇ ಶಾಲೆಯಲ್ಲಿ ಅಳೆದವರು ಐದಡಿ ಹತ್ತು ಅಂದಿದ್ದರು. ಅವನು ಮನೆಗೆ ಓಡಿಬಂದು ಹೇಳಿದ. ಅಪ್ಪ ಅವನನ್ನು ಮತ್ತೆ ಹಲಗೆಗೆ ನಿಲ್ಲಿಸಿ ಮತ್ತೆ ಅಳೆದ. ಶಾಲೆಯವರ ಟೇಪು ಸರಿಯಿಲ್ಲ ಅಂದ. ಲೈಸೆನ್ಸಿನಲ್ಲಿ, ವಿಮೆಯಲ್ಲಿ, ತುಂಬಿದ ಪ್ರತಿಯೊಂದು ಫಾರಮಿನಲ್ಲಿ ನಾರ್ಬರ್ಟ್ ಅಪ್ಪನ ಅಂಕಿಯನ್ನೇ ಬರೆದ. ಗುಂಪಿನ ಫೋಟೋಗಳಲ್ಲಿ ಯಾರೂ ಹೇಳದೆಯೇ ಮುಂದಿನ ಸಾಲಿಗೆ ಬಂದು ಮಂಡಿಯೂರಿದ. ಎತ್ತರದವರು ಬಂದರೆ ಮಾತು ನಿಲ್ಲಿಸಿದ. ತನ್ನಷ್ಟೇ ಎತ್ತರದವರು ಬಂದರೂ ನಿಲ್ಲಿಸಿದ.

ಟೇಪಿನ ಕೊಕ್ಕೆಯನ್ನು ಹಲಗೆಯ ಬುಡಕ್ಕೆ ಸಿಕ್ಕಿಸಿ ಎಳೆದ. ಕೊನೆಯ ಗೆರೆ ಎಪ್ಪತ್ತು ಇಂಚಿಗಿತ್ತು. ಐದಡಿ ಹತ್ತು. ಕೈ ಬಿಟ್ಟಾಗ ಟೇಪು ಸರ್ರನೆ ಒಳಗೆ ಹೋಯಿತು.

ಸಿಟ್ಟು ಬರಬೇಕಿತ್ತು. ಅದಕ್ಕಾಗಿ ಕಾದು ನಿಂತ. ಮಗನ ಜೊತೆ ಆಡಿದ ತಮಾಷೆ ಇರಬಹುದು, ಹೇಳಲು ಮರೆತಿರಬಹುದು. ಅಪ್ಪ ತಮಾಷೆಯ ಮನುಷ್ಯನಾಗಿರಲಿಲ್ಲ. ಮರೆಯುವವನೂ ಆಗಿರಲಿಲ್ಲ. ಆಗ ನರ್ಸಿನ ನೆನಪಾಯಿತು. ಅವಳ ಅಳತೆಗೋಲು ಗೋಡೆಗೆ ಬಡಿದದ್ದು. ಅದಕ್ಕೆ ಕೆಂಪು ತುದಿ ಇರಲಿಲ್ಲ, ಅದರ ಅಡಿ ಅಂಗಡಿಯ ಅಡಿಯೇ. ನೆಲ ಗುಡಿಸುತ್ತಿದ್ದ ಮೂರು ಪ್ಯಾಂಟುಗಳ ನೆನಪೂ ಆಯಿತು.

ಅವನು ಬೂಟು ಕಳಚಿ ಬಾಡಿಯೊಳಕ್ಕೆ ಇಳಿದ. ಹಲಗೆಯ ಬುಡಕ್ಕೆ ಹಿಮ್ಮಡಿ ಒತ್ತಿ, ಮೈ ನೀಟಾಗಿ ಚಾಚಿ ಮಲಗಿದ. ಒಳಗೆ ವಾರ್ನಿಷಿನ ವಾಸನೆ. ಅಪ್ಪನಂತೆಯೇ ಒಂದು ಮರದ ತುಂಡನ್ನು ನೆತ್ತಿಗೆ ಒತ್ತಿಹಿಡಿದು, ಅದನ್ನು ಕದಲಿಸದೆ ತಲೆಯನ್ನು ಈಚೆಗೆ ತೆಗೆದು ನೋಡಿದ. ತುಂಡು ಹದಿನೆಂಟರ ಗೆರೆಯನ್ನು ಮುಟ್ಟಿರಲಿಲ್ಲ. ಒಂದೂವರೆ ಇಂಚು ಈಚೆಗೇ ಇತ್ತು.

ಅಪ್ಪ ಬರೆದದ್ದು ಆ ದಿನದ ಅಳತೆಯಲ್ಲ. ಆರಿ ಕುಗ್ಗಿದ ಮೇಲಿನದ್ದು. ನಲವತ್ತೈದು ವರ್ಷ ತಡವಾಗಿ ನಾರ್ಬರ್ಟ್ ಆ ಅಂಕಿಗೆ ಸರಿಯಾಗಿ ಬಂದಿದ್ದ.

ಹೊರಗೆ ಬಾಗಿಲ ಸದ್ದಾಯಿತು. ಕಾಫಿ ಮುಗಿಸಿ ಬಂದ ಡ್ವೈಟ್ ಅಲ್ಲಿಂದಲೇ ಕೂಗಿದ: "ಮೇಷ್ಟ್ರೇ, ಏನು ಮಾಡೋಣ ಹೇಳಿ. ಚಾಸಿನ ಎರಡಿಂಚು ಉದ್ದ ಮಾಡ್ಲಾ, ಇಲ್ಲಾ ಬಾಡಿನ ಕುಯ್ಯೋಣ್ವಾ?"

ನಾರ್ಬರ್ಟ್ ಮತ್ತೆ ಮಲಗಿದ್ದ. ಮೇಲೆ ರಾಟೆಯ ಖಾಲಿ ಕೊಕ್ಕೆ ಸಣ್ಣಗೆ ತೂಗುತ್ತಿತ್ತು. ಕೈಯನ್ನು ತಲೆಯಾಚೆ ಚಾಚಿ, ನೆತ್ತಿಗೂ ಗೆರೆಗೂ ನಡುವಿನ ಮರವನ್ನು ಹೆಬ್ಬೆರಳಿನಿಂದ ಮುಟ್ಟಿದ. ಏಳು ಕೋಟು ವಾರ್ನಿಷಿನಡಿಯಲ್ಲಿ ಅದು ನುಣ್ಣಗಿತ್ತು, ತಣ್ಣಗಿತ್ತು. ಅಲ್ಲಿ ಏನೂ ಬರೆದಿರಲಿಲ್ಲ.